ಮುಧೋಳ ನಾಯಿ: ಕಾವಲಿಗೆಂದು ತರುವ ಮುನ್ನ ಒಂದು ವಿಮರ್ಶೆ

ಮುಧೋಳ ನಾಯಿ ತರುವ ಯೋಚನೆಯಲ್ಲಿರುವ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಒಂದೇ: ಕಾವಲಿಗೆ ಹೇಗೆ? ಎಚ್ಚರಿಸುವುದಕ್ಕೆ ಚೆನ್ನ, ಎದುರಿಸುವುದಕ್ಕೆ ಅಷ್ಟಕ್ಕಷ್ಟೆ. ಗೇಟಿನಾಚೆ ಯಾರೋ ಬಂದರೆ ಮನೆಯವರಿಗಿಂತ ಮೊದಲು ಗೊತ್ತಾಗುವುದು ಇದಕ್ಕೇ. ನಾಲ್ಕು ಸಲ ಬೊಗಳಿ, ದೂರ ಸರಿದು ನಿಂತು, ಕಣ್ಣು ಕೀಳದೆ ನೋಡುತ್ತದೆ. ಬಂದವನ ಮೈಮೇಲೆ ಬಿದ್ದು ತಡೆಯುತ್ತದೆ ಅಂತ ನಂಬಿ ತಂದವರೇ ವರ್ಷ ತುಂಬುವುದರೊಳಗೆ "ಅಂಜುಬುರುಕ ನಾಯಿ" ಎಂದು ಬೇರೆಯವರಿಗೆ ದಾಟಿಸಲು ನೋಡುವುದು. ನಾಯಿಯಲ್ಲಿ ದೋಷವೇನಿಲ್ಲ. ಕಣ್ಣಿನಿಂದ ಬೇಟೆ ಕಂಡು, ಕಾಲಿನ ಬಲದಿಂದ ಹಿಡಿಯಲೆಂದು ತಲೆಮಾರುಗಳ ಕಾಲ ಆರಿಸಿ ಬೆಳೆಸಿದ ತಳಿ ಇದು. ಅದರ ಗುಣವೂ, ಸಾಕಿದವರು ಹೇಳುವ ದೂರೂ, ವೈದ್ಯರ ಬಳಿ ಎದುರಾಗುವ ಗೊಂದಲವೂ ಅಲ್ಲಿಂದಲೇ ಹುಟ್ಟುತ್ತವೆ.

ಆದ್ದರಿಂದ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಆರಡಿ ಕಂಪೌಂಡು ಅಥವಾ ಬೇಲಿ ಹಾಕಿದ ತೋಟ, ದಿನಕ್ಕೆ ಎರಡು ಹೊತ್ತು ನಡೆಸಲು ಒಬ್ಬ ಮನುಷ್ಯ, ಮನೆಯೊಳಗೆ ಮಲಗಲು ಒಂದು ಮೂಲೆ ಇದ್ದವರಿಗೆ ಇದಕ್ಕಿಂತ ಹಗುರವಾಗಿ ಬಾಳುವ ನಾಯಿ ನಮ್ಮ ಹವೆಯಲ್ಲಿ ಕಡಿಮೆ. ವಾಸನೆ ಕಡಿಮೆ, ಕೂದಲು ಉದುರುವುದು ಕಡಿಮೆ, ಸುಮ್ಮಸುಮ್ಮನೆ ಬೊಗಳುವ ಚಾಳಿ ಕಡಿಮೆ, ಬಿಸಿಲಿಗೆ ಬಾಡುವುದಿಲ್ಲ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕುವವರು, ಅಂಗಳದಲ್ಲಿ ಕೋಳಿ ಬಿಟ್ಟುಕೊಂಡವರು, ಹಗ್ಗ ಬಿಚ್ಚಿ ರಸ್ತೆಯಲ್ಲಿ ಓಡಾಡಿಸುವ ಆಸೆ ಇರುವವರು ತರದಿರುವುದೇ ಒಳ್ಳೆಯದು.

ನೋಡಲು ಹೇಗಿರಬೇಕು? ಗಂಡು ಭುಜದ ಹತ್ತಿರ 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಎಂಬುದು ಪ್ರದರ್ಶನಗಳಲ್ಲಿ ಒಪ್ಪುವ ಅಳತೆ. ತೂಕ ಸಾಮಾನ್ಯವಾಗಿ 22ರಿಂದ 28 ಕಿಲೋ ಒಳಗೆ. ಹಳ್ಳಿಗಳಲ್ಲಿ ಇದಕ್ಕಿಂತ ಗಿಡ್ಡ ನಾಯಿಗಳು ಧಾರಾಳ. ಎತ್ತರ ಒಂದನ್ನೇ ಹಿಡಿದು ಬೆಲೆ ಕಟ್ಟುವುದರಲ್ಲಿ ಅರ್ಥವಿಲ್ಲ. ತಲೆ ಉದ್ದ, ಕಿವಿಗಳ ನಡುವೆ ಮಾತ್ರ ತುಸು ಅಗಲ, ಮೂತಿ ಚೂಪಾಗುತ್ತ ಹೋಗಬೇಕು. ಮೇಲ್ದವಡೆಯ ಹಲ್ಲು ಕೆಳಗಿನ ಹಲ್ಲಿನ ಮೇಲೆ ಕತ್ತರಿಯ ಹಾಗೆ ಕೂರಬೇಕು. ಮೂಗು ಕಪ್ಪು. ಕಣ್ಣು ದೊಡ್ಡದು, ಕಡುಗಂದು ಇಲ್ಲವೇ ಜೇನುಬಣ್ಣ. ಎದೆ ಮೊಣಕೈವರೆಗೆ ಇಳಿದಿರಬೇಕು, ಹೊಟ್ಟೆ ಒಳಕ್ಕೆ ಎಳೆದುಕೊಂಡಿರಬೇಕು, ಸೊಂಟದ ಎರಡೂ ಮೂಳೆ ಮೇಲಿನಿಂದ ಕಾಣಬೇಕು. ಕೂದಲು ಗಿಡ್ಡ, ನುಣುಪು. ಉದ್ದ ಕೂದಲಿನ, ಕಿವಿ ಮತ್ತು ಬಾಲದಲ್ಲಿ ಗೊಂಚಲು ಇರುವ ಪಶ್ಮಿ ಎಂಬ ಬಗೆಯೂ ಇದೆ, ಅಪರೂಪ. ಬಣ್ಣ ಮಾಸಲು ಕಂದು, ಕೆಂಪು, ಕಪ್ಪು, ಬೂದು, ಬಿಳಿ, ಪಟ್ಟೆ, ಯಾವುದೂ ಆಗಬಹುದು.

ಬೆರಕೆ ಗುರುತಿಸಲು ಕಿವಿ ನೋಡಿ. ಮುಧೋಳದ ಕಿವಿ ತಲೆಗೆ ಒತ್ತಿಕೊಂಡು ಕೆಳಕ್ಕೆ ಜೋಲುತ್ತದೆ. ಓಟಕ್ಕೆ ಹೆಸರಾದ ವಿದೇಶಿ ತಳಿ ಗ್ರೇಹೌಂಡಿನ ಕಿವಿ ಮಡಿಚಿ ಹಿಂದಕ್ಕೆ ಹೋಗುತ್ತದೆ. ಓಟದ ಪಂದ್ಯದ ಆಸೆಗೆ ಗ್ರೇಹೌಂಡ್ ಬೆರೆಸಿದ ಮರಿಗಳಲ್ಲಿ ತೊಡೆ ತುಂಬಿಕೊಂಡು, ಬೆನ್ನು ಕಮಾನಿನಂತೆ ಬಾಗಿ, ಕಿವಿ ಅರ್ಧ ಮಡಿಚಿದ ಹಾಗೆ ಇರುವುದು ಸಾಮಾನ್ಯ. ಎತ್ತರಕ್ಕಾಗಿ ಗ್ರೇಟ್ ಡೇನ್ ಬೆರೆಸಿದ್ದರೆ ತುಟಿ ಜೋತುಬಿದ್ದು ಮೂತಿ ಚೌಕವಾಗುತ್ತದೆ. ಮೂಗು ಗುಲಾಬಿ ಬಣ್ಣಕ್ಕಿದ್ದು ಮೈ ಅಚ್ಚ ಬಿಳಿ ಇದ್ದರೆ ತಮಿಳುನಾಡಿನ ರಾಜಪಾಳ್ಯಂ ತಳಿಯ ಸಂಬಂಧ ಇರಬಹುದೇ ಎಂದು ವಿಚಾರಿಸಿ. ಒಂದು ತೊಡಕೆಂದರೆ, ಎರಡು ತಿಂಗಳ ಮರಿಯಲ್ಲಿ ಇದಾವುದೂ ಸ್ಪಷ್ಟವಾಗಿ ಕಾಣದು. ಆಗ ಅದು ಗುಂಡು ಮೂತಿಯ, ದಪ್ಪ ಮೊಣಗಂಟಿನ, ಯಾವ ಊರ ನಾಯಿಮರಿಯೂ ಆಗಿರಬಹುದಾದ ಜೀವ. ಮೂತಿ ಉದ್ದವಾಗುವುದು ನಾಲ್ಕನೆಯ ತಿಂಗಳ ನಂತರ. ಹಲ್ಲು ಬದಲಾಗುವ ಹೊತ್ತಿಗೆ ಕಿವಿ ಒಂದು ದಿನ ಮೇಲೆ, ಇನ್ನೊಂದು ದಿನ ಕೆಳಗೆ. ಹಾಗಾಗಿ ಮರಿಯನ್ನಲ್ಲ, ತಾಯಿಯನ್ನು ನೋಡಬೇಕು. ತಂದೆಯೂ ಸಿಕ್ಕರೆ ಇನ್ನೂ ಒಳ್ಳೆಯದು.

ಇತಿಹಾಸದ ಬಗ್ಗೆ ಮಾರುವವರು ಹೇಳುವ ಕತೆಗಳಲ್ಲಿ ಸಿಂಹಪಾಲು ಬಣ್ಣ. ಸಾಮಾನ್ಯವಾಗಿ ಒಪ್ಪಿರುವ ಮಾತಿಷ್ಟು: ಪರ್ಷಿಯಾ, ಮಧ್ಯ ಏಷ್ಯಾ ಕಡೆಯಿಂದ ವ್ಯಾಪಾರಿ ತಂಡಗಳ, ದಂಡುಗಳ ಜತೆ ದಖ್ಖನ್ನಿಗೆ ಬಂದ ಸಲೂಕಿ, ತಾಜಿ ಮಾದರಿಯ ನಾಯಿಗಳು ಇಲ್ಲಿನ ನಾಯಿಗಳೊಂದಿಗೆ ಕೂಡಿ ಈ ತಳಿ ರೂಪುಗೊಂಡಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನಿ ಎನ್ನುತ್ತಾರೆ. ಘಟಪ್ರಭೆಯ ದಂಡೆಯ ಮುಧೋಳ ಸೀಮೆಯಲ್ಲಿ ತಳಿಯನ್ನು ಉಳಿಸಿಕೊಂಡು ಬಂದವರು ಬೇಡರು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಬ್ರಿಟಿಷರ ವಿರುದ್ಧ ಎದ್ದ ಹಲಗಲಿಯೂ ಇದೇ ಮುಧೋಳ ತಾಲ್ಲೂಕಿನದು. ಬೇಟೆ ಬೇಡರಿಗೆ ಮೋಜಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು. ಓಡದ ನಾಯಿಗೆ ಕೂಳು ಹಾಕುವ ಪುರುಸೊತ್ತು ಅವರಿಗಿರಲಿಲ್ಲ, ಹಾಗಾಗಿ ಆಯ್ಕೆ ಕಟ್ಟುನಿಟ್ಟಾಗಿತ್ತು. 20ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳನ್ನು ಒಟ್ಟುಗೂಡಿಸಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ತಳಿಗೆ ಊರಿನ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು ಅಲ್ಲಿಂದ.

ಈಚಿನ ಪ್ರಚಾರದ ಮೆಟ್ಟಿಲುಗಳೂ ಗೊತ್ತಿರಲಿ, ಯಾಕೆಂದರೆ ಬೆಲೆ ಏರಿದ್ದು ಅವುಗಳಿಂದ. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಸೇನೆಯ ಮೀರಠ್‌ನ ಶ್ವಾನ ತರಬೇತಿ ಕೇಂದ್ರ ಮುಧೋಳದಿಂದ ಮರಿಗಳನ್ನು ತರಬೇತಿಗೆ ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೆಸರೆತ್ತಿದ ಮೇಲಂತೂ ವಿಚಾರಿಸುವವರ ಸಂಖ್ಯೆ ಹೆಚ್ಚಿತು. ಸೇನೆ ಒಯ್ದಿತು ಎಂದರೆ ಯಾವ ಮರಿ ತಂದರೂ ಸೈನಿಕ ನಾಯಿ ಆಗುತ್ತದೆ ಎಂದಲ್ಲ. ಅಲ್ಲಿ ಪ್ರತಿ ನಾಯಿಗೆ ಒಬ್ಬ ಹ್ಯಾಂಡ್ಲರ್, ತಿಂಗಳುಗಟ್ಟಲೆ ತರಬೇತಿ. 2024ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಬಿಎಸ್‌ಎಫ್‌ನ ರಿಯಾ ಎಂಬ ಮುಧೋಳ ನಾಯಿ ಬಹುಮಾನ ಗೆದ್ದದ್ದು, ಸರಿಯಾಗಿ ಕಲಿಸಿದರೆ ಈ ತಳಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ. "ಆರ್ಮಿ ಲೈನ್ ಮರಿ" ಎಂದು ಹೆಚ್ಚು ಹಣ ಕೇಳುವವರಿಗೆ ಮಾತ್ರ ಅದು ಸಾಕ್ಷಿಯಾಗಲಾರದು.

ಸ್ವಭಾವದ ವಿಷಯದಲ್ಲಿ ನಿಧಾನವಾಗಿ ಹೇಳಬೇಕಾದದ್ದು ಬಹಳ. ಹೊರಗಿನವರು ಮೈ ಮುಟ್ಟುವುದನ್ನು ಈ ನಾಯಿ ಸಹಿಸದು. ಕಚ್ಚಲು ಬರುವುದಕ್ಕಿಂತ ಪಕ್ಕಕ್ಕೆ ಜಾರಿಕೊಳ್ಳುವುದೇ ಹೆಚ್ಚು. ಮೂಲೆಗೆ ಒತ್ತಿ ಹಿಡಿದರೆ ಮಾತ್ರ ಹಲ್ಲು ತೋರಿಸುತ್ತದೆ. ಮನೆಯವರ ಜತೆ ನಂಟು ಗಾಢ, ಆದರೆ ಮೈಮೇಲೆ ಹಾರಿ ನೆಕ್ಕುವ ಬಗೆಯದಲ್ಲ. ಪಕ್ಕದಲ್ಲಿ ಬಂದು ಒರಗಿ ನಿಲ್ಲುತ್ತದೆ, ಅಷ್ಟೆ. ಗದರಿಸಿ, ಹೊಡೆದು ಕಲಿಸಲು ಹೋದರೆ ಎರಡೇ ಸಲಕ್ಕೆ ಮುದುಡಿಕೊಂಡು, ಕರೆದರೂ ಹತ್ತಿರ ಬಾರದ ನಾಯಿಯಾಗುತ್ತದೆ. ಕಲಿಕೆ ಐದೈದು ನಿಮಿಷದ ತುಂಡುಗಳಲ್ಲಿರಲಿ, ಕೈಯಲ್ಲಿ ಬೇಯಿಸಿದ ಕೋಳಿಯ ಚೂರಿರಲಿ. ಮನೆಯ ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ. ಬಾಲ ಎಳೆಯುವ, ಮಲಗಿದ್ದಾಗ ಮೇಲೆ ಬೀಳುವ ಪುಟ್ಟ ಮಕ್ಕಳ ಬಳಿ ಒಂಟಿಯಾಗಿ ಬಿಡಬೇಡಿ, ನಿದ್ದೆಯಲ್ಲಿ ಬೆಚ್ಚುವ ಸ್ವಭಾವ ಇದಕ್ಕಿದೆ.

ಎಂಟನೆಯ ವಾರದಿಂದ ಹದಿನಾರನೆಯ ವಾರದವರೆಗಿನ ಸಮಯ ಈ ತಳಿಗೆ ಬೇರೆಲ್ಲಕ್ಕಿಂತ ಮುಖ್ಯ. ಲಸಿಕೆ ಪೂರ್ತಿ ಆಗಿಲ್ಲವೆಂದು ಮರಿಯನ್ನು ಹೊರಗೇ ತೋರಿಸದೆ ಇಟ್ಟರೆ ಮುಂದೆ ಬೈಕು, ಕುಕ್ಕರ್ ಸೀಟಿ, ಛತ್ರಿ, ಹೆಲ್ಮೆಟ್ ಹಾಕಿದವನು, ಎಲ್ಲಕ್ಕೂ ಬೆದರುತ್ತದೆ. ನೆಲಕ್ಕೆ ಇಳಿಸದೆ, ಎತ್ತಿಕೊಂಡು ದಿನಾ ಹತ್ತು ನಿಮಿಷ ಬೀದಿ ತೋರಿಸಿ. ಮನೆಗೆ ಬಂದವರು ಮುಟ್ಟುವುದು ಬೇಡ, ನೆಲದ ಮೇಲೆ ತಿಂಡಿ ಹಾಕಿ ಸುಮ್ಮನಿರಲಿ. ಕಾಲುಗುರು, ಕಿವಿ, ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸವನ್ನೂ ಈ ವಯಸ್ಸಿನಲ್ಲೇ ಮಾಡಿಸಿ. ದೊಡ್ಡದಾದ ಮೇಲೆ ಉಗುರು ಕತ್ತರಿಸಲು ಮೂರು ಜನ ಹಿಡಿಯಬೇಕಾದ ಸ್ಥಿತಿ ಬರುವುದು ಇದನ್ನು ಬಿಟ್ಟದ್ದರಿಂದ.

ಓಟಕ್ಕೆ ಬರೋಣ. ಪೂರ್ಣ ವೇಗದಲ್ಲಿ ಓಡುವಾಗ ಪ್ರತಿ ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ: ಒಮ್ಮೆ ಮೈ ಪೂರ್ತಿ ಚಾಚಿದಾಗ, ಇನ್ನೊಮ್ಮೆ ಕಾಲೆಲ್ಲ ಹೊಟ್ಟೆಯಡಿ ಮಡಿಚಿಕೊಂಡಾಗ. ಆ ಹೊತ್ತಿನಲ್ಲಿ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಎಷ್ಟೇ ಕಲಿಸಿದ ನಾಯಿಯಾದರೂ ಮೊಲವೋ ಬೆಕ್ಕೋ ಕಂಡರೆ ಹೊರಟೇಬಿಡುತ್ತದೆ, ಎದುರಿಗೆ ಹೆದ್ದಾರಿ ಇದ್ದರೂ ಅಷ್ಟೆ. ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚಬಾರದು ಎಂಬ ನಿಯಮಕ್ಕೆ ವಿನಾಯಿತಿ ಕೊಡಬೇಡಿ.

ಹಗ್ಗದ ಆಯ್ಕೆಯಲ್ಲೇ ಬಹಳ ಮಂದಿ ಎಡವುತ್ತಾರೆ. ಈ ನಾಯಿಯ ಕತ್ತು ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಸಾಧಾರಣ ಕೊರಳಪಟ್ಟಿ ಹಾಕಿ, ನಾಯಿ ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಿವಿ ದಾಟಿ ಕೈಗೆ ಬರುತ್ತದೆ. ನಾಲ್ಕು ಸೆಂ.ಮೀ. ಅಗಲದ ಮಾರ್ಟಿಂಗೇಲ್ ಪಟ್ಟಿ ಬೇಕು: ಜಗ್ಗಿದಾಗ ಸ್ವಲ್ಪ ಬಿಗಿಯಾಗಿ, ಬಿಟ್ಟಾಗ ಸಡಿಲವಾಗುವಂಥದ್ದು. ಪೂರ್ತಿ ಬಿಗಿದಾಗಲೂ ಎರಡು ಬೆರಳು ಒಳಗೆ ಹೋಗುವಷ್ಟು ಅಳತೆ ಹೊಂದಿಸಿ. ಹಗ್ಗ ಎರಡು ಮೀಟರಿಗಿಂತ ಉದ್ದ ಬೇಡ. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಐದು ಮೀಟರಿನ ರೀಲು ಹಗ್ಗ ಇದಕ್ಕೆ ಅಪಾಯ. ಎರಡೇ ನೆಗೆತಕ್ಕೆ ವೇಗ ಹಿಡಿಯುವ ನಾಯಿ ಹಗ್ಗದ ಕೊನೆ ಮುಟ್ಟಿದಾಗ ಬೀಳುವ ಜಗ್ಗು ಕತ್ತಿನ ಮೂಳೆಗೆ ಹೊಡೆಯುತ್ತದೆ, ಹಿಡಿದವರ ಭುಜಕ್ಕೂ. ಉದ್ದ ಸರಪಳಿಯಲ್ಲಿ ಕಟ್ಟಿದರೂ ಇದೇ ಆಗುವುದು.

ವ್ಯಾಯಾಮ ಎಷ್ಟು ಬೇಕು ಎಂಬುದರಲ್ಲಿ ಅತಿ ಮಾಡುವವರೇ ಹೆಚ್ಚು. ದೊಡ್ಡ ನಾಯಿಗೆ ಬೆಳಗ್ಗೆ ಸಂಜೆ ಅರ್ಧರ್ಧ ಗಂಟೆ ನಡಿಗೆ, ವಾರಕ್ಕೆ ಎರಡು ಮೂರು ಸಲ ಬೇಲಿ ಹಾಕಿದ ಮಣ್ಣಿನ ಮೈದಾನದಲ್ಲಿ ಮನಸಾರೆ ಓಟ. ಮಿಕ್ಕ ಹೊತ್ತೆಲ್ಲ ಮಲಗಿರುತ್ತದೆ. ಬೈಕಿಗೆ ಕಟ್ಟಿ ಡಾಂಬರು ರಸ್ತೆಯಲ್ಲಿ ಓಡಿಸುವುದು ಶುದ್ಧ ಮೂರ್ಖತನ. ಅಂಗಾಲಿನ ಚರ್ಮ ಕಿತ್ತುಬರುತ್ತದೆ, ಬೆಳೆಯುವ ವಯಸ್ಸಾದರೆ ಕೀಲು ಕೆಡುತ್ತದೆ. ಒಂದು ವರ್ಷ ತುಂಬುವವರೆಗೆ ತಾನಾಗಿ ಆಡಿದಷ್ಟೇ ಓಟ ಸಾಕು. ಮೈದಾನ ಚಿಕ್ಕದಿದ್ದರೆ ಒಂದೂವರೆ ಮೀಟರ್ ಕೋಲಿನ ತುದಿಗೆ ಎರಡು ಮೀಟರ್ ಹಗ್ಗ, ಅದರ ತುದಿಗೆ ಬಟ್ಟೆ ಕಟ್ಟಿ ನೆಲದ ಮೇಲೆ ಎಳೆದಾಡಿಸಿ. ಐದು ನಿಮಿಷ ಸಾಕು. ಗಿರಗಿರನೆ ಸುತ್ತಿಸದೆ ನೇರಕ್ಕೆ ಎಳೆಯಿರಿ, ಚಿಕ್ಕ ಸುತ್ತಿನಲ್ಲಿ ಮಣಿಕಟ್ಟು, ಮಂಡಿ ತಿರುಚುತ್ತವೆ. ಕೊನೆಗೊಮ್ಮೆ ಹಿಡಿಯಲು ಬಿಡಿ, ಇಲ್ಲದಿದ್ದರೆ ಆಟದಲ್ಲಿ ಆಸಕ್ತಿ ಕಳೆದುಕೊಳ್ಳುತ್ತದೆ.

ತಿಂಗಳುಗಟ್ಟಲೆ ಕಟ್ಟಿಹಾಕಿದ್ದ ನಾಯಿಯನ್ನು ಒಮ್ಮೆಗೇ ಬಿಸಿಲಲ್ಲಿ ಓಡಿಸಿದರೆ ಸ್ನಾಯು ಒಡೆದು, ನಡಿಗೆ ಸೆಟೆದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಹಾಗೆ ಕಂಡರೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಬಿಸಿಲಿಗೆ ಒಗ್ಗುವ ತಳಿ ಎಂಬುದು ನಿಜ. ಆದರೆ ಬೇಸಿಗೆಯಲ್ಲಿ ಓಟ ಬೆಳಗ್ಗೆ ಏಳು ಗಂಟೆಯೊಳಗೆ ಮುಗಿಯಬೇಕು. ಇನ್ನು ಬೇಟೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಜಿಂಕೆ ಬೇಟೆ ಅಪರಾಧ, ನಾಯಿ ಬಿಟ್ಟು ಹಿಡಿಸಿದರೂ ಅಷ್ಟೇ.

ಊಟದಲ್ಲಿ ಎರಡು ತುದಿಯ ತಪ್ಪುಗಳಿವೆ. ಒಂದು, ಹಳ್ಳಿ ಪದ್ಧತಿ ಎಂದು ಜೋಳದ ರೊಟ್ಟಿ, ಹಾಲು ಮಾತ್ರ ಹಾಕುವುದು. ಆ ನಾಯಿಗಳು ಹೊಲದಲ್ಲಿ ಇಲಿ, ಮೊಲ ಹಿಡಿದು ತಿನ್ನುತ್ತಿದ್ದವು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬರೀ ರೊಟ್ಟಿ ತಿಂದ ಮರಿಯ ಮುಂಗಾಲು ಬಿಲ್ಲಿನಂತೆ ಬಾಗುತ್ತದೆ. ಇನ್ನೊಂದು, ಪಕ್ಕೆಲುಬು ಕಾಣುತ್ತದೆಂದು ತುಂಬಿ ತುಂಬಿ ತಿನ್ನಿಸುವುದು. ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆ ಕಾಣುವುದೇ ಈ ತಳಿಯ ಸರಿಯಾದ ಮೈಕಟ್ಟು. ಬೆನ್ನುಮೂಳೆ ಗರಗಸದಂತೆ ಎದ್ದಿದ್ದರೆ ಮಾತ್ರ ಸೊರಗಿದೆ ಎಂದರ್ಥ. ನೆರೆಯವರು "ಊಟ ಹಾಕಲ್ವಾ?" ಎಂದು ಕೇಳಿಯೇ ಕೇಳುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ.

ಅಂದಾಜಿಗೆ, 25 ಕಿಲೋದ ನಾಯಿಗೆ ಒಣ ಆಹಾರವಾದರೆ ದಿನಕ್ಕೆ 350 ಗ್ರಾಂ ಆಸುಪಾಸು, ಎರಡು ಹೊತ್ತಿಗೆ ಹಂಚಿ. ಮನೆಯ ಅಡುಗೆಯಾದರೆ ಅನ್ನ ಅಥವಾ ರೊಟ್ಟಿಯ ಜತೆ ಮೂಳೆ ತೆಗೆದ ಕೋಳಿ, ಬೇಯಿಸಿದ ಮೊಟ್ಟೆ, ಮೊಸರು. ಸುಣ್ಣದಂಶ ಎಷ್ಟು ಸೇರಿಸಬೇಕೆಂದು ವೈದ್ಯರನ್ನು ಕೇಳಿ. ಮರಿ ಆಹಾರದ ಪ್ಯಾಕೆಟ್ ಹಾಕುವವರು ಮೇಲಿಂದ ಕ್ಯಾಲ್ಸಿಯಂ ಸಿರಪ್ ಕುಡಿಸಬಾರದು, ಅತಿಯಾದರೂ ಮೂಳೆ ಕೆಡುತ್ತದೆ. ಮರಿಗೆ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ. ಹಾಲು ಕುಡಿದು ಭೇದಿಯಾಗುವ ಮರಿಗಳು ಬಹಳ, ಮಜ್ಜಿಗೆಯೇ ವಾಸಿ. ಎದೆ ಆಳವಾದ ನಾಯಿಯಾದ್ದರಿಂದ ತಿಂದ ಮೇಲೆ ಒಂದು ಗಂಟೆ ಓಟ ಬೇಡ. ಹೊಟ್ಟೆ ಉಬ್ಬರಿಸಿ, ವಾಂತಿಗೆ ಒದ್ದಾಡಿ ಏನೂ ಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು, ಬೆಳಗಿನವರೆಗೆ ಕಾಯಬೇಡಿ.

ಚಿಕಿತ್ಸೆಗೆ ಹೋದಾಗ ತಳಿಯ ಹೆಸರು ಹೇಳುವುದಕ್ಕೆ ಕಾರಣವಿದೆ. ಗ್ರೇಹೌಂಡ್ ಗುಂಪಿನ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್‌ನಂಥ ಅರಿವಳಿಕೆಯಿಂದ ಅವು ಏಳುವುದು ಬಹಳ ತಡ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ಬೇರೆ ಔಷಧದ ಬಗ್ಗೆ ಮಾತಾಡಿಕೊಳ್ಳಿ. ಗ್ರೇಹೌಂಡ್‌ಗಳ ರಕ್ತದಲ್ಲಿ ಕೆಂಪು ಕಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ ಇರುವುದು ಸಹಜ. ಅದೇ ಮೈಕಟ್ಟಿನ ಈ ನಾಯಿಯಲ್ಲೂ ಪ್ಲೇಟ್‌ಲೆಟ್ ಒಂದನ್ನೇ ನೋಡಿ ಉಣ್ಣೆ ಜ್ವರ (ರಕ್ತ ಹೀರುವ ಉಣ್ಣೆ ಹುಳು ಕಚ್ಚಿ ಬರುವ ಜ್ವರ) ಎಂದು ತೀರ್ಮಾನಿಸದೆ, ನಾಯಿ ಆರೋಗ್ಯವಾಗಿದ್ದಾಗ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡರೆ ಮುಂದೆ ಹೋಲಿಸಲು ಬರುತ್ತದೆ. ಉಣ್ಣೆ ಜ್ವರ ಮಾತ್ರ ನಿಜವಾದ ಶತ್ರು: ಊಟ ಬಿಟ್ಟು, ವಸಡು ಬಿಳಿಚಿ, ಮೂಗಿನಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಚರ್ಮ ತೆಳು, ಮುಳ್ಳುತಂತಿಗೆ ತಗುಲಿದರೆ ಬಟ್ಟೆ ಹರಿದಂತೆ ಹರಿಯುತ್ತದೆ. ಬೇಲಿಗೆ ಜಾಲರಿಯೇ ಸರಿ. ಬರೀ ನೆಲದಲ್ಲಿ ಮಲಗಿದರೆ ಮೊಣಕೈ ಮೇಲೆ ಗಡ್ಡೆ ಕಟ್ಟುತ್ತದೆ, ಮೂರು ನಾಲ್ಕು ಇಂಚಿನ ಹಾಸಿಗೆ ಹಾಕಿ. ಚಳಿಗಾಲದ ರಾತ್ರಿ ಹೊರಗೆ ಬಿಡಬೇಡಿ. ಸ್ನಾನ ತಿಂಗಳಿಗೊಮ್ಮೆ ಆದರೂ ಬೇಕಾದಷ್ಟಾಯಿತು.

ಕೊಳ್ಳುವುದೆಲ್ಲಿ? ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ವಂಶದ ದಾಖಲೆ ಸಿಗುವುದರಿಂದ ಮೊದಲ ಆಯ್ಕೆ ಅದೇ ಆಗಲಿ, ಫೋನ್ ಮಾಡಿ ಮರಿ ಇದೆಯೇ ಎಂದು ಕೇಳಿಕೊಂಡೇ ಹೊರಡಿ. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗಳಲ್ಲೂ ಮರಿ ಸಿಗುತ್ತದೆ. ತಾಯಿ ಕಣ್ಣೆದುರು ಇರುವುದು ಅಲ್ಲಿನ ಲಾಭ, ಕಾಗದಪತ್ರ ಇಲ್ಲದಿರುವುದು ನಷ್ಟ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಕ್ಯಾರವಾನ್ ಹೌಂಡ್ ಎಂದಿರುತ್ತದೆ, ಬೇರೆ ತಳಿ ಎಂದು ಗಾಬರಿಯಾಗಬೇಡಿ. ಪಟ್ಟಣದ ಅಂಗಡಿ, ಫೋಟೊ ಕಳಿಸಿ ಬಸ್ಸಿಗೆ ಹಾಕಿಕೊಡುವವರು, ಇವೆರಡನ್ನೂ ಬಿಟ್ಟುಬಿಡಿ. ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. "ಈಗಲೇ ಒಯ್ದರೆ ಹೊಂದಿಕೊಳ್ಳುತ್ತೆ" ಎಂದು ನಲವತ್ತು ದಿನದ ಮರಿ ತೋರಿಸುವವರ ಬಳಿ ಮಾತು ಬೆಳೆಸಬೇಡಿ.

ಮರಿಯನ್ನು ಎತ್ತಿ ನೋಡುವಾಗ ಹೊಕ್ಕುಳ ಉಬ್ಬಿದೆಯೇ, ಹೊಟ್ಟೆ ಡೊಳ್ಳಾಗಿ ಬೆನ್ನು ಒಣಗಿದೆಯೇ ಗಮನಿಸಿ. ಎರಡನೆಯದು ಜಂತುಹುಳುವಿನ ಗುರುತು, ಔಷಧಕ್ಕೆ ಹೋಗುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಹೊಸಬರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಮೂಸಲು ಬರುವ ಮರಿ ಒಳ್ಳೆಯದು. ಹತ್ತು ನಿಮಿಷವಾದರೂ ಮೂಲೆಯಲ್ಲಿ ನಡುಗುತ್ತ ಉಚ್ಚೆ ಹೊಯ್ದುಕೊಳ್ಳುವುದನ್ನು ಮರುಕದಿಂದ ತರಬೇಡಿ. ತಾಯಿ ನಿಮ್ಮನ್ನು ನೋಡಿ ಗುರುಗುಟ್ಟಿದರೆ ಪರವಾಗಿಲ್ಲ, ಸಾಕಿದವರನ್ನೇ ಕಂಡು ಬಾಲ ಮಡಿಚಿದರೆ ಬೇರೆ ಮನೆ ನೋಡಿ. ಮೊದಲ ಲಸಿಕೆಯ ಚೀಟಿ, ಅದರ ಮೇಲಿನ ಸ್ಟಿಕರ್, ವೈದ್ಯರ ಸಹಿ ಮೂರೂ ಇರಬೇಕು. ನಂತರದ ಚುಚ್ಚುಮದ್ದು ಹದಿನಾರು ವಾರದವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಹೊರಡುವ ಮೂರು ಗಂಟೆ ಮುಂಚೆ ಊಟ ನಿಲ್ಲಿಸಿ, ದಾರಿಯಲ್ಲಿ ನೀರು ಮಾತ್ರ ಕೊಡಿ. ಅದು ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ, ಹೊಸದನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಬೆರೆಸುತ್ತ ಬದಲಿಸಿ. ರಕ್ತಭೇದಿಯ ಪಾರ್ವೊ ಸೋಂಕು ತಗುಲಿ ಒಂದು ವಾರ ಹೊರಗೆ ಕಾಣದೆ ಇರಬಲ್ಲದು. ಹಾಗಾಗಿ ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಮೊದಲ ಎರಡು ವಾರ ಮರಿಯನ್ನು ಬೇರೆ ಕೋಣೆಯಲ್ಲೇ ಇಡಿ, ಅದರ ತಟ್ಟೆ, ಬಟ್ಟೆ, ಗುಡಿಸುವ ಪೊರಕೆಯೂ ಬೇರೆಯೇ ಇರಲಿ.